‘ಮುಂದ ಏನಾತ್ರಿ?’: ಸುನಿಲ್ ಜೋಶಿ ಮತ್ತು ನಮ್ಮ ಸಾಧಕ ಕಥನಗಳು

ಅಮ್ಮಿನಬಾವಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಕ್ರಿಕೆಟ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೈಸ್ಕೂಲು ಹುಡುಗನೊಬ್ಬನಿಗೆ ಒಮ್ಮೆ ಸುನಿಲ್ ಜೋಶಿಯವರ ಕಥೆ ಹೇಳಿದೆ. 1999ರ ಸೆಪ್ಟೆಂಬರ್, ನೈರೋಬಿ, ಎದುರಿಗೆ ದಕ್ಷಿಣ ಆಫ್ರಿಕಾ. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಹುಡುಗ ಕಣ್ಣರಳಿಸಿದ. “ಹೌದ್ರಿ ಅಣ್ಣಾ? ನಮ್ಮ ಗದಗಿನವ್ರಾ? ಮುಂದ ಏನಾತ್ರಿ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಜೋಶಿಯವರ ಬಗ್ಗೆ ನಾನು ಓದಿದ ಹೆಚ್ಚಿನ ಬರಹಗಳು ಆ ಹತ್ತು ಓವರುಗಳಿಗೇ ಮುಗಿದುಹೋಗಿದ್ದವು.

ಕನ್ನಡದಲ್ಲಿ ಆಟಗಾರರ ಪರಿಚಯ ಲೇಖನಕ್ಕೆ ಸಾಮಾನ್ಯವಾಗಿ ಎರಡೇ ಅಚ್ಚುಗಳು. ಮೊದಲನೆಯದು ಸಣ್ಣ ಊರಿನ ಹುಡುಗ ದೊಡ್ಡ ಮೈದಾನ ಮುಟ್ಟಿದ ಕಥೆ. ಎರಡನೆಯದು ನಮ್ಮ ಭಾಗದ ಪ್ರತಿಭೆಗೆ ಅನ್ಯಾಯವಾಯಿತು ಎಂಬ ಕಥೆ. ಮೊದಲನೆಯದರಲ್ಲಿ ಗದಗ ಬಿಟ್ಟುಹೋಗಬೇಕಾದ ಜಾಗ, ಎರಡನೆಯದರಲ್ಲಿ ಅಹವಾಲು ಸಲ್ಲಿಸುವ ವಿಳಾಸ. ಎರಡರಲ್ಲೂ ಆಟ ಕಾಣುವುದಿಲ್ಲ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ದಿನವೂ ಏನು ಮಾಡಿದ ಎಂಬುದಂತೂ ಕಾಣುವುದೇ ಇಲ್ಲ.

ಇದು ಬರೆಯುವವರ ಅಸಡ್ಡೆಯೆಂದರೆ ಪೂರ್ತಿ ನಿಜವಾಗದು. ಅಭ್ಯಾಸದ ಬಗ್ಗೆ ಬರೆಯುವುದು ಈ ನೆಲಕ್ಕೆ ಚೆನ್ನಾಗಿ ಗೊತ್ತು. ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆಬಿಟ್ಟು ಹೋದದ್ದು, ಉತ್ತರವನ್ನೆಲ್ಲ ಸುತ್ತಿ ಕಡೆಗೆ ಮನೆಗೆ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಶಿಷ್ಯರಾದದ್ದು ಇಲ್ಲಿ ಅನೇಕರಿಗೆ ಬಾಯಿಪಾಠ. ಮಲ್ಲಿಕಾರ್ಜುನ ಮನ್ಸೂರರು ತಮ್ಮ ಆತ್ಮಕಥೆಗೆ ‘ನನ್ನ ರಸಯಾತ್ರೆ’ ಎಂದೇ ಹೆಸರಿಟ್ಟರು. ಗಾಯಕರ ಬದುಕು ಹೇಳುವಾಗ ರಿಯಾಜು ಕಥೆಯ ತಿರುಳು, ಪ್ರಶಸ್ತಿಗಳು ಕೊನೆಯ ಪುಟದ ಮಾತು.

ಗದಗಿನ ಇನ್ನೊಬ್ಬ ಜೋಶಿ, 1970ರಲ್ಲಿ ಹುಟ್ಟಿದ ಸುನಿಲ್, ಹುಡುಗನಾಗಿದ್ದಾಗ ಬೆಳಗಾಗುತ್ತಲೇ ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಪರಿಚಯ ಲೇಖನಗಳಲ್ಲಿ ಇದು ಒಂದೇ ವಾಕ್ಯ, ‘ಕಷ್ಟಪಟ್ಟು ಮೇಲೆ ಬಂದರು’ ಎನ್ನುವುದಕ್ಕೆ ಸಾಕ್ಷಿ. ಒಬ್ಬ ಜೋಶಿಯವರ ಪ್ರಯಾಣ ಸಾಧನೆಯ ಭಾಗವಾಯಿತು, ಇನ್ನೊಬ್ಬರದು ಸಾಧನೆಗೆ ಮುಂಚಿನ ತೊಂದರೆಯಾಗಿ ಉಳಿಯಿತು. ಈ ವ್ಯತ್ಯಾಸ ಬದುಕಿನಿಂದ ಬಂದದ್ದಲ್ಲ, ನಮ್ಮ ಕಥನದ ರೂಢಿಯಿಂದ ಬಂದದ್ದು.

ನೈರೋಬಿಯ ಅಂಕಿಗಳನ್ನೇ ನಿಧಾನವಾಗಿ ಓದೋಣ. ಹತ್ತರಲ್ಲಿ ಆರು ಓವರು ಮೇಡನ್. ಎಂದರೆ ಮೂವತ್ತಾರು ಎಸೆತಗಳಿಗೆ ಅವರ ಲೆಕ್ಕದಲ್ಲಿ ಒಂದು ರನ್ನೂ ಇಲ್ಲ, ಕೊಟ್ಟ ಆರು ರನ್ನು ಉಳಿದ ನಾಲ್ಕು ಓವರುಗಳಲ್ಲಿ. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು. ಇದನ್ನು ‘ಚಮತ್ಕಾರ’ ಎಂದು ಬರೆಯುವುದು ವಾಡಿಕೆ. ಆದರೆ ಎಡಗೈ ಸ್ಪಿನ್ನಿನ ಕಸುಬು ಚಮತ್ಕಾರಕ್ಕೆ ವಿರುದ್ಧವಾದದ್ದು: ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡು ಹಾಕಿ, ವೇಗವನ್ನೋ ತಿರುವನ್ನೋ ಕೂದಲೆಳೆಯಷ್ಟು ಬದಲಿಸಿ, ಬ್ಯಾಟುಗಾರ ತಾನೇ ತಾಳ್ಮೆಗೆಡುವಂತೆ ಮಾಡುವುದು. ಒಂದೇ ಸ್ವರದ ಮೇಲೆ ನಿಲ್ಲುವುದನ್ನು ಬಲ್ಲ ಊರಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದಿತ್ತು.

ಹಿಂದುಮುಂದಿನದನ್ನೂ ಸೇರಿಸಿದರೆ ಚಿತ್ರ ಬೇರೆಯಾಗುತ್ತದೆ. 1995–96ರ ರಣಜಿ ಋತುವೊಂದರಲ್ಲೇ ಜೋಶಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು. 1996ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಪ್ರವೇಶ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್: ಜೋಶಿ ಮೊದಲ ಇನ್ನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದು, 92 ರನ್ ಹೊಡೆದು ಪಂದ್ಯಶ್ರೇಷ್ಠರಾದರು. ಅದರ ನಂತರ ಭಾರತ ತಂಡದಲ್ಲಿ ಅವರ ದಿನಗಳು ಬಹಳ ಉಳಿಯಲಿಲ್ಲ. ಒಟ್ಟು ಲೆಕ್ಕ 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್.

ಅನ್ಯಾಯದ ಕಥೆ ಹುಟ್ಟುವುದು ಇಲ್ಲೇ. ಅದಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ಕಾಲದಲ್ಲಿ, ಅದೇ ರಾಜ್ಯದಿಂದ ಅನಿಲ್ ಕುಂಬ್ಳೆ ಭಾರತದ ಮುಖ್ಯ ಸ್ಪಿನ್ನರ್ ಆಗಿದ್ದರು. ಉಳಿದ ಒಂದು ಜಾಗಕ್ಕೆ ದೇಶದ ಸ್ಪಿನ್ನರುಗಳೆಲ್ಲ ಸಾಲುಗಟ್ಟಿದ್ದರು. ಅನ್ಯಾಯದ ಕಥನದ ನಿಜವಾದ ತೊಡಕೆಂದರೆ, ಸಿಗದೆ ಹೋದದ್ದನ್ನು ಎಣಿಸುತ್ತ ಅದು ಮಾಡಿದ್ದನ್ನು ಮರೆಸುತ್ತದೆ. ಭಾರತ ತಂಡದ ಬಾಗಿಲು ಮುಚ್ಚಿದ ಮೇಲೂ ಜೋಶಿ ಸುಮಾರು ಹತ್ತು ವರ್ಷ ದೇಶೀ ಕ್ರಿಕೆಟ್ ಆಡಿದರು. 2012ರಲ್ಲಿ ನಿವೃತ್ತಿ ಹೇಳುವಾಗ ಪ್ರಥಮ ದರ್ಜೆಯಲ್ಲಿ ಅವರ ಹೆಸರಿಗೆ 600ಕ್ಕೂ ಹೆಚ್ಚು ವಿಕೆಟ್ ಇದ್ದವು. ಯಾರೂ ಕರೆಯುವುದಿಲ್ಲ ಎಂದು ಗೊತ್ತಿದ್ದೂ ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ರನ್ನಪ್ ಅಳೆಯುವ ಆ ವರ್ಷಗಳು ನಮ್ಮ ಲೇಖನಗಳಲ್ಲಿ ‘ನಂತರ’ ಎಂಬ ಒಂದು ಪದ ಮಾತ್ರ.

ನಾನು ಪಿಎಚ್‌ಡಿಯ ನಡುವಿನಲ್ಲಿದ್ದೇನೆ. “ಇನ್ನೂ ಮುಗೀಲಿಲ್ಲೇನು?” ಎಂದು ಊರಲ್ಲಿ ಕೇಳಿದಾಗ ನನ್ನ ವರ್ಷಗಳೂ ಆ ‘ನಂತರ’ದೊಳಗೆ ಸೇರಿಹೋದಂತೆ ಅನಿಸುತ್ತದೆ. ಫಲಿತಾಂಶವನ್ನಷ್ಟೇ ಬದುಕು ಎಂದು ಬರೆಯುವ ಗದ್ಯವನ್ನು ಓದಿ ಬೆಳೆದವರು ತಮ್ಮ ಬಹುಪಾಲು ದಿನಗಳಿಗೆ ಲೆಕ್ಕವೇ ಇಲ್ಲವೆಂದು ನಂಬಿಬಿಡುತ್ತಾರೆ. ಆ ಬ್ಯಾಗಿನ ಹುಡುಗನೂ ಬಹುಶಃ ಭಾರತಕ್ಕೆ ಆಡುವುದಿಲ್ಲ. ಅವನು ಆಡಲಿರುವ ಆಟವನ್ನು ಹೇಳಲು ನಮ್ಮಲ್ಲಿ ಭಾಷೆ ಬೇಡವೇ?

ಅವನು ಮತ್ತೆ ಸಿಕ್ಕರೆ ಕಥೆಯನ್ನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. 2014ರ ಡಿಸೆಂಬರಿನಲ್ಲಿ, ನಲವತ್ತು ಸಲ ರಣಜಿ ಗೆದ್ದಿದ್ದ ಮುಂಬೈಯನ್ನು ಜಮ್ಮು ಮತ್ತು ಕಾಶ್ಮೀರದ ಹುಡುಗರು ವಾಂಖೆಡೆಯಲ್ಲೇ ಸೋಲಿಸಿದರು. ಅವರ ಕೋಚ್ ಸುನಿಲ್ ಜೋಶಿ. 2017ರಲ್ಲಿ ಬಾಂಗ್ಲಾದೇಶ ತನ್ನ ಸ್ಪಿನ್ನರುಗಳಿಗೆ ಕಲಿಸಲು ಕರೆದದ್ದು ತನ್ನ ಮೊದಲ ಟೆಸ್ಟಿನಲ್ಲಿ ತನ್ನನ್ನು ಕಾಡಿದ್ದ ಇದೇ ಜೋಶಿಯವರನ್ನು. 2020ರಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ನೈರೋಬಿಯನ್ನು ಆಮೇಲೆ ಹೇಳುತ್ತೇನೆ, ಧಾರವಾಡ ಬರುವುದರೊಳಗೆ ಹೊತ್ತು ಉಳಿದಿದ್ದರೆ.