ಶಂಭುನಾಥ ಡೇ ಅವರ ಎರಡು ಪುಟಗಳು: ಉಲ್ಲೇಖಗಣನೆಯ ಒಂದು ವಿಮರ್ಶೆ

ವೈದ್ಯವಿಜ್ಞಾನದಲ್ಲಿ ಒಬ್ಬ ಸಂಶೋಧಕನ ಲೇಖನವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರೆಂಬುದೇ ಇಂದು ಅವನ ಯೋಗ್ಯತೆಯ ಪ್ರಮಾಣವೆನಿಸಿದೆ. ಹುದ್ದೆ, ಬಡ್ತಿ, ಧನಸಹಾಯ ಎಲ್ಲಕ್ಕೂ ಈ ಅಂಕೆಯನ್ನೇ ಮುಂದಿಡುವ ರೂಢಿ ಬೆಳೆದಿದೆ. ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಅಂಕೆಗಳ ಮೇಲೆ ಅಗೌರವವಿಲ್ಲ. ಯಾವ ಅಂಕೆ ಏನನ್ನು ಅಳೆಯುತ್ತದೆಂದು ಕೇಳದಿರಲು ಮಾತ್ರ ಮನಸ್ಸೊಪ್ಪುವುದಿಲ್ಲ. ಈ ಪ್ರಶ್ನೆಗೆ ಕಲಕತ್ತೆಯ ಶಂಭುನಾಥ ಡೇ (1915–1985) ಅವರ ಬರಹಗಳಿಗಿಂತ ಒಳ್ಳೆಯ ಒರೆಗಲ್ಲು ನನಗೆ ದೊರೆತಿಲ್ಲ.

ಕಾಲರಾ ರೋಗಾಣುವನ್ನು 1884ರಲ್ಲಿ ಕಲಕತ್ತೆಯಲ್ಲಿಯೇ ಅಧ್ಯಯನ ಮಾಡಿದ ರಾಬರ್ಟ್ ಕಾಖ್, ಅದು ಸ್ರವಿಸುವ ಒಂದು ವಿಷವೇ ರೋಗದ ಮೂಲವಿರಬೇಕೆಂದು ಊಹಿಸಿದ್ದರು. ಮುಂದಿನ ಮುಕ್ಕಾಲು ಶತಮಾನ ಆ ವಿಷ ಯಾರ ಕೈಗೂ ಸಿಕ್ಕಲಿಲ್ಲ. ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಗೋ ರೋಗಾಣುವನ್ನು ಚುಚ್ಚಿ ಪರೀಕ್ಷಿಸುವುದು ಬಹುಮಂದಿಯ ಪದ್ಧತಿಯಾಗಿತ್ತು. ಕಾಲರಾ ಕರುಳಿನ ರೋಗವೆಂಬ ಸರಳ ಸತ್ಯ ಹಿಂದೆ ಸರಿದಿತ್ತು. 1953ರಲ್ಲಿ ಡೇ ಮತ್ತು ಅವರ ಸಹೋದ್ಯೋಗಿ ಚಟರ್ಜಿ, ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಆ ಸುರುಳಿಯೊಳಕ್ಕೆ ರೋಗಾಣುವನ್ನು ಬಿಟ್ಟು ನೋಡಿದರು. ಸುರುಳಿ ನೀರು ತುಂಬಿ ಉಬ್ಬಿತು. 1959ರಲ್ಲಿ ಡೇ ಒಬ್ಬರೇ ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಾಣುವನ್ನು ಬೆಳೆಸಿದ ದ್ರವವನ್ನು ಸೋಸಿ, ಜೀವಾಣುವೊಂದೂ ಇಲ್ಲದ ಆ ಸೋಸಿದ ದ್ರವವನ್ನಷ್ಟೇ ಸುರುಳಿಗೆ ಬಿಟ್ಟರೂ ಫಲ ಅದೇ. ವಿಷದ ಇರವು ಸಿದ್ಧವಾಯಿತು. ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಹಿಡಿದದ್ದು ಎರಡು ಪುಟ.

ಈ ಎರಡು ಪುಟಗಳನ್ನು ಮೊದಲ ಕೆಲವು ವರ್ಷ ಹೆಚ್ಚು ಮಂದಿ ಗಮನಿಸಲಿಲ್ಲ. ನಂತರದ ಕಥೆ ಬೇರೆ. 1969ರಲ್ಲಿ ಅಮೆರಿಕದಲ್ಲಿ ಫಿಂಕಲ್‌ಸ್ಟೈನ್ ಮತ್ತು ಲೋಸ್ಪಾಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಡೇ ಅವರಿಗೆ ಕರೆ ಬಂತು. ಆ ವೇಳೆಗೆ ಅವರು ಕಲಕತ್ತೆಯ ವೈದ್ಯಕೀಯ ಕಾಲೇಜಿನಿಂದ ನಿವೃತ್ತರಾಗಿ ಐದು ವರ್ಷ ಕಳೆದಿತ್ತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ಆ ಪಾರಿತೋಷಕಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳಲ್ಲಿ ಒಂದೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ.

ಇಲ್ಲಿ ಉಲ್ಲೇಖಗಣನೆಯನ್ನು ಹಳಿಯುವುದು ಸುಲಭ, ಅದು ನ್ಯಾಯವಲ್ಲ. 1964ರಲ್ಲಿ ವಿಜ್ಞಾನದ ಉಲ್ಲೇಖಸೂಚಿಯನ್ನು ಹೊರತಂದ ಯೂಜೀನ್ ಗಾರ್ಫೀಲ್ಡ್ ಅವರೇ 1986ರಲ್ಲಿ ಅದೇ ಸೂಚಿಯನ್ನು ತಿರುವಿ, ಕಾಲರಾ ಸಂಶೋಧನೆಯ ದಾರಿಗಳು ಡೇ ಅವರ ಲೇಖನಗಳ ಕಡೆಗೆ ಹೋಗಿ ಸೇರುವುದನ್ನು ತೋರಿಸಿದರು. ಸಮಿತಿಗಳು ಕಾಣದಿದ್ದುದನ್ನು ಸೂಚಿ ಕಂಡಿತು, ತಡವಾಗಿಯಾದರೂ. ದೋಷವಿರುವುದು ಸೂಚಿಯಲ್ಲಲ್ಲ, ಅದನ್ನು ಓದುವವರ ಅವಸರದಲ್ಲಿ. ಪತ್ರಿಕೆಗಳ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಪ್ರಸಿದ್ಧ ಅಂಕೆ ಹಿಂದಿನ ಎರಡೇ ವರ್ಷಗಳ ಲೇಖನಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬ್ಯಾಂಕಿನಲ್ಲಿಯೂ ಎರಡು ವರ್ಷಕ್ಕೂ ಮೀರಿ ಗಿರಾಕಿಯ ವ್ಯವಹಾರವಿಲ್ಲದ ಖಾತೆಯನ್ನು ನಾವು ನಿಷ್ಕ್ರಿಯವೆನ್ನುತ್ತೇವೆ; ಬರಿದಾಗಿದೆ ಎನ್ನುವುದಿಲ್ಲ. ಪತ್ರಿಕೆಗೆಂದು ಮಾಡಿದ ಈ ಅಳತೆಯನ್ನು ವ್ಯಕ್ತಿಗೆ ತೊಡಿಸುವವರು ಈ ಎರಡು ಮಾತುಗಳ ಅಂತರವನ್ನು ಮರೆಯುತ್ತಾರೆ. 1961ರಲ್ಲಿ ಡೇ ಅವರ ಬಡ್ತಿಯ ಕಡತವನ್ನು ಇಂದಿನ ಸಮಿತಿಯೊಂದರ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಇನ್ನೊಂದು ತೊಡಕೂ ಉಂಟು. ಕರುಳಿನ ಸುರುಳಿಯ ಪರೀಕ್ಷೆ ಇತರ ಅತಿಸಾರಗಳ ಅಧ್ಯಯನಕ್ಕೂ ಹಬ್ಬಿತು. ಹೀಗೆ ಎಲ್ಲರ ಸ್ವತ್ತಾದ ಕ್ರಮಕ್ಕೆ ಕೆಲಕಾಲದ ಮೇಲೆ ಕರ್ತೃವಿನ ಹೆಸರೇ ಬೇಡವಾಗುತ್ತದೆ. ಯಶಸ್ಸು ಪೂರ್ಣವಾದಷ್ಟೂ ಎಣಿಕೆ ಇಳಿಯುತ್ತದೆ. ಡೇ ಅವರನ್ನು ಕೇವಲ ಅನ್ಯಾಯಕ್ಕೆ ಗುರಿಯಾದವರೆಂದು ಚಿತ್ರಿಸುವವರೂ ಒಂದನ್ನು ಗಮನಿಸಬೇಕು: ಇದೇ ಸುರುಳಿಯ ಕ್ರಮವನ್ನು 1915ರಲ್ಲಿ ವಿಯೋಲ್ ಮತ್ತು ಕ್ರೆಂಡಿರೊಪೂಲೊ ಪ್ರಯೋಗಿಸಿದ್ದರು, ಅದು ಮರೆತುಹೋಗಿತ್ತು. ವಿಳಾಸ ಕಲಕತ್ತೆಯದಾದ ಮಾತ್ರಕ್ಕೇ ಲೇಖನಗಳು ಮರೆವಿಗೆ ಬೀಳುವುದಿಲ್ಲ, ಆದರೂ ಆ ವಿಳಾಸದಿಂದ ಡೇ ಅವರಿಗೆ ಒಳಿತಾಯಿತೆಂದು ಯಾರೂ ಹೇಳಲಾರರು.

ಡೇ ತೀರಿಕೊಂಡ ಐದು ವರ್ಷಗಳ ಮೇಲೆ, 1990ರಲ್ಲಿ, ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗಾಗಿ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಮುಂಬಯಿಯ ನಮಗೆ ಹತ್ತಿರದ ಸಂಗತಿಯೊಂದು ಉಳಿಯಿತು. ಅದೇ 1959ರಲ್ಲಿ ಪರೇಲಿನ ಹಾಫ್ಕಿನ್ ಸಂಸ್ಥೆಯ ಎನ್. ಕೆ. ದತ್ತ, ಪಾನ್ಸೆ ಮತ್ತು ಕುಲಕರ್ಣಿ ಅವರು ಹಾಲೂಡುವ ಮೊಲದ ಮರಿಗಳ ಮೇಲೆ ಬೇರೆಯೇ ದಾರಿಯಿಂದ ಕಾಲರಾ ವಿಷದ ಪಾತ್ರವನ್ನು ತೋರಿಸಿದರು. ಡೇ ಅವರಿಗೆ ಒಬ್ಬ ಗಾರ್ಫೀಲ್ಡ್ ದೊರೆತರು. ಪರೇಲಿನ ಆ ಲೇಖನವನ್ನು ಯಾರು ಯಾವಾಗ ಓದಿದರು, ಯಾರು ಬಳಸಿಕೊಂಡರು ಎಂಬುದನ್ನು ವರ್ಷವಾರು ಎಣಿಸಿ ಕೊಡುವ ಕೆಲಸಕ್ಕೆ ಈ ಪತ್ರಿಕೆಯ ಓದುಗರಲ್ಲಿ ಒಬ್ಬರು ಕೈಹಾಕಿದರೆ, ನಾನು ಸಂತೋಷದಿಂದ ಜೊತೆಗೆ ಕೂರುವೆನು.