ಎರಡನೆಯ ಮೌನ

ಕಳೆದ ಮಳೆಗಾಲದಲ್ಲಿ ನನ್ನ ಪಿಎಚ್.ಡಿ. ಪ್ರಬಂಧದಿಂದ ಒಂದೂವರೆ ಪುಟ ತೆಗೆದು ಹಾಕಬೇಕಾಯಿತು. ಕುಮಾರ ಗಂಧರ್ವರ ಒಂದು ಹಳೆಯ ಧ್ವನಿಮುದ್ರಣದ ಬಗ್ಗೆ ಬರೆದದ್ದು. ಅಂತರಾಕ್ಕೆ ಹೋಗುವ ಮುನ್ನ ಅವರು ತಾರ ಷಡ್ಜ ಮುಟ್ಟುತ್ತಾರೆ, ಥಟ್ಟನೆ ಬಿಡುತ್ತಾರೆ, ಸುಮ್ಮನಾಗುತ್ತಾರೆ. ತಬಲಾ ಒಂದು ಆವರ್ತನ ಒಂಟಿಯಾಗಿ ಸುತ್ತಿ ಬರುತ್ತದೆ. ತಂಬೂರಿ ಮಾತ್ರ ತುಂಬಿಕೊಂಡಿರುತ್ತದೆ. ಈ ಮೌನ ಹೆಂಡತಿಯನ್ನು ಕಳೆದುಕೊಂಡವನದ್ದು, 1961ರ ನಂತರವಲ್ಲದೆ ಇದು ಸಾಧ್ಯವೇ ಇರಲಿಲ್ಲ ಎಂದು ನಾನು ಬರೆದಿದ್ದೆ. ಬರೆಯುವಾಗ ಕಣ್ಣು ಮಂಜಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಆ ಮುದ್ರಣ ಐವತ್ತರ ದಶಕದ್ದೆಂದು ತಿಳಿಯಿತು. ಆಗ ಭಾನುಮತಿಯವರು ಬದುಕಿದ್ದರು. ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದಿದ್ದರು: 'ಇದು ಕೇಳಿದ್ದೋ, ಊಹಿಸಿದ್ದೋ?'

ತಪ್ಪು ದಿನಾಂಕದ್ದಾಗಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ನಾನು ಕೇಳಿದ ರೀತಿಯೇ ತಪ್ಪಾಗಿತ್ತು. ಹಾಡುಗಾರರು ದುಃಖವುಂಡು, ಕೆಲಕಾಲ ಸುಮ್ಮನಿದ್ದು, ಮತ್ತೆ ಹಾಡಿಗೆ ಮರಳುವ ಕಥೆ ನಮಗೆ ಎಷ್ಟು ಪ್ರಿಯವೆಂದರೆ, ಆ ಕಥೆಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಕಛೇರಿಗೆ ಹೋಗಿ ಕೂರುತ್ತೇವೆ. ಈ ಬರಹ ಆ ಕಥೆಯ ಮೇಲಿನ ನನ್ನ ತಕರಾರು.

ಕುಮಾರರ ಬದುಕಿನ ಹೊರರೇಖೆ ಎಲ್ಲರಿಗೂ ಗೊತ್ತು. 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ರಾಮಯ್ಯ ಕೊಂಕಾಳಿಮಠ. ಗ್ರಾಮೊಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ಗಾಯಕರನ್ನು ಇದ್ದಹಾಗೆ ಹಾಡಿ ತೋರಿಸುತ್ತಿದ್ದ ಬಾಲಕ. ಹನ್ನೊಂದರ ವಯಸ್ಸಿಗೆ ಮುಂಬೈಯಲ್ಲಿ ಬಿ.ಆರ್. ದೇವಧರರ ಶಿಷ್ಯ. 1947ರಲ್ಲಿ ಅಲ್ಲೇ ಕಲಿಯುತ್ತಿದ್ದ ಭಾನುಮತಿಯವರ ಜೊತೆ ಮದುವೆ. ಬೆನ್ನಿಗೇ ಕ್ಷಯ. ಒಣ ಹವೆ ಬೇಕೆಂದು 1948ರ ಜನವರಿ ಕೊನೆಯಲ್ಲಿ, ಗಾಂಧೀಜಿಯ ಹತ್ಯೆಯಾದ ಹೊತ್ತಿನಲ್ಲೇ, ಮಾಳವದ ದೇವಾಸಕ್ಕೆ ಬಂದರು. ಹಾಡಕೂಡದು ಎಂದು ವೈದ್ಯರು ಹೇಳಿದ್ದರು. ಸುಮಾರು ಐದು ವರ್ಷ ಹಾಸಿಗೆ. ಸ್ಟ್ರೆಪ್ಟೊಮೈಸಿನ್ ಬಂತು, ಜೀವ ಉಳಿಯಿತು, ಒಂದು ಶ್ವಾಸಕೋಶ ಉಪಯೋಗಕ್ಕಿಲ್ಲದಂತಾಯಿತು. 1953ರ ಹೊತ್ತಿಗೆ ಮತ್ತೆ ವೇದಿಕೆಗೆ ಬಂದಾಗ ಜನ ಕೇಳಿದ್ದು ಬೇರೆಯೇ ಕುಮಾರರನ್ನು.

ಇಲ್ಲಿಂದ ಕಥೆಗೆ ರೆಕ್ಕೆ ಬರುತ್ತದೆ. ರೋಗವೇ ಗುರುವಾಯಿತು, ಒಂದೇ ಶ್ವಾಸಕೋಶವಾದ್ದರಿಂದ ತುಂಡು ತುಂಡಾಗಿ ಹಾಡಬೇಕಾಯಿತು, ಆ ತುಂಡುಗಳೇ ಹೊಸ ಶೈಲಿಯಾದವು. ನಾನೂ ಎಷ್ಟೋ ಸಲ ಹೀಗೆ ಹೇಳಿದ್ದೇನೆ, ತರಗತಿಯಲ್ಲಿ ಹೇಳಿ ಮೆಚ್ಚುಗೆಯನ್ನೂ ಗಳಿಸಿದ್ದೇನೆ. ಈಗ ಅನುಮಾನ. ಉಸಿರು ಕಮ್ಮಿಯಿದ್ದವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಉಳಿತಾಯ ಮಾಡುತ್ತಾನೆ. ಮಂದ್ರದಲ್ಲಿ, ಮಧ್ಯದಲ್ಲಿ ನಿಧಾನ ಓಡಾಡಿಕೊಂಡಿರುತ್ತಾನೆ. ಕುಮಾರರು ಹಾಗೆ ಮಾಡುವುದಿಲ್ಲ. ಎಲ್ಲಿಂದಲೋ ನೆಗೆದು ತಾರ ಸ್ಥಾಯಿಯ ಸ್ವರವನ್ನು ಪೂರ್ತಿ ಬಲದಿಂದ ಹೊಡೆಯುತ್ತಾರೆ, ಅಲ್ಲೇ ಕೈಬಿಡುತ್ತಾರೆ. ಮುಂದಿನ ಮಾತು ಪಿಸುಮಾತಿನಷ್ಟು ಸಣ್ಣದು. ಅದು ಬಡತನದ ಲೆಕ್ಕಾಚಾರವಲ್ಲ, ಇದ್ದದ್ದನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನ. ಆ ನಿಲುಗಡೆಗಳಲ್ಲಿ ತಂಬೂರಿ ಶ್ರುತಿಯಾಗಿರುವ ಬಗೆ ಕೇಳಿ. ತಂಬೂರಿ ಮಿಲಾಯಿಸುವುದರಲ್ಲಿ ಅವರದ್ದು ಹಟವೇ ಇತ್ತು. ತಾವು ಸುಮ್ಮನಾದಾಗ ಕೇಳಿಸುವುದು ಅದೇ ಎಂದು ಗೊತ್ತಿದ್ದವರ ಹಟ.

ರೋಗ ಅವರಿಗೆ ಕೊಟ್ಟದ್ದು ಶೈಲಿಗಿಂತ ಹೆಚ್ಚಾಗಿ ಸಮಯ ಎಂದು ನನಗನ್ನಿಸುತ್ತದೆ. ಹಾಡಲಾಗದವನಿಗೆ ಕೇಳುವುದೊಂದೇ ಕೆಲಸ. ಹಾಸಿಗೆಯಲ್ಲಿ ಮಲಗಿದ್ದಾಗ ಮಾಳವದ ಹೆಂಗಸರ ಮದುವೆ ಹಾಡು, ಮಳೆ ಹಾಡು, ಭಿಕ್ಷೆಗೆ ಬಂದ ಜೋಗಿಗಳ ನಿರ್ಗುಣಿ ಪದ ಕಿವಿಗೆ ಬಿದ್ದವು. ನಾಲ್ಕೈದು ಸ್ವರಗಳ ಆ ಧಾಟಿಗಳಲ್ಲಿ ರಾಗದ ಬೀಜವಿದೆ ಎಂದು ಅವರಿಗೆ ಕಂಡಿತು. ನೂರಾರು ಹಾಡು ಸಂಗ್ರಹಿಸಿದರು. ಮಾಳವತಿ, ಸಂಜಾರಿ, ಅಹಿಮೋಹಿನಿ, ಮಧಸುರಜಾ ಮುಂತಾದ 'ಧುನ್ ಉಗಮ' ರಾಗಗಳು ಹುಟ್ಟಿದ್ದು ಹೀಗೆ. ಜ್ವರ ಇದನ್ನು ಮಾಡಿಕೊಡಲಿಲ್ಲ. ಹನ್ನೊಂದರ ಬಾಲಕನಾಗಿದ್ದಾಗಲೇ ಯಾರ ದನಿಯನ್ನಾದರೂ ಅನುಕರಿಸಬಲ್ಲವನಿಗೆ ತನ್ನ ದನಿ ಯಾವುದು ಎಂಬ ಪ್ರಶ್ನೆ ಎಂದಾದರೊಂದು ದಿನ ಬರಲೇಬೇಕಿತ್ತು. ದೇವಾಸದಲ್ಲಿ ಅದಕ್ಕೆ ಬಿಡುವು ಸಿಕ್ಕಿತು.

ಆ ಬಿಡುವಿಗೆ ಬೆಲೆ ತೆತ್ತವರು ಯಾರು? ಭಾನುಮತಿ. ಅವರೂ ಹಾಡುಗಾರ್ತಿ. ದೇವಾಸದಲ್ಲಿ ಶಾಲೆಯ ಕೆಲಸ ಮಾಡಿ ಮನೆ ನಡೆಸಿದರು, ರೋಗಿಯ ಶುಶ್ರೂಷೆ ಮಾಡಿದರು. ಮದುವೆಯ ಹೊತ್ತಿಗೆ ಅವರ ಹಾಡಿನ ಕಥೆ ನಿಂತುಬಿಡುತ್ತದೆ, ಕುಮಾರರ ಕಥೆಯಲ್ಲಿ ಅವರು 'ಸೇವೆ ಮಾಡಿದ ಪತ್ನಿ'ಯಾಗಿ ಉಳಿಯುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಗಾಯಕರು ಸುಮ್ಮನಿದ್ದರು. ಒಬ್ಬರದ್ದು ಮಾತ್ರ ಮೌನವೆನಿಸಿಕೊಂಡಿತು. ಇದನ್ನು ಬರೆಯುವಾಗ ಸಂಶೋಧಕಿಯಾಗಿ ನನಗೆ ಸ್ವಲ್ಪ ನಾಚಿಕೆಯಿದೆ, ಯಾಕೆಂದರೆ ತೆಗೆದುಹಾಕಿದ ಒಂದೂವರೆ ಪುಟದಲ್ಲಿ ನಾನೂ ಅವರನ್ನು ಸಾವಿನ ಹೊತ್ತಿಗೆ ಮಾತ್ರ ಕರೆತಂದಿದ್ದೆ.

ಅವರು ತೀರಿಕೊಂಡದ್ದು 1961ರಲ್ಲಿ, ಎರಡನೆಯ ಮಗನ ಹೆರಿಗೆಯ ಸಮಯದಲ್ಲಿ. ಕುಮಾರರಿಗೆ ಮೂವತ್ತೇಳು.

ಮೊದಲನೆಯ ಮೌನದ ಬಗ್ಗೆ ಪುಟಗಟ್ಟಲೆ ಓದಿದ್ದೇನೆ. ಎರಡನೆಯದಕ್ಕೆ ಹೆಚ್ಚಿನ ಬರಹಗಳಲ್ಲಿ ಸಿಗುವುದು ಒಂದು ವಾಕ್ಯ: ಪತ್ನಿ ತೀರಿಕೊಂಡರು, 1962ರಲ್ಲಿ ವಸುಂಧರಾ ಶ್ರೀಖಂಡೆಯವರನ್ನು ಮದುವೆಯಾದರು. ಅಲ್ಪವಿರಾಮದ ಒಂದು ಕಡೆ ಸಾವು, ಇನ್ನೊಂದು ಕಡೆ ಮದುವೆ. ಯಾಕೆ ಹೀಗೆ? ರೋಗದಿಂದ ಮರಳುವುದು ಗೆಲುವಿನ ಕಥೆ. ಹೆಂಡತಿ ಸತ್ತು, ಕೂಸು ಮನೆಯಲ್ಲಿದ್ದು, ವರ್ಷದೊಳಗೆ ಮರುಮದುವೆಯಾಗಿ, ಮತ್ತೆ ತಂಬೂರಿ ಹಿಡಿಯುವುದು ಸಂಸಾರದ ಕಥೆ. ಅದರಲ್ಲಿ ನಮಗೆ ಬೇಕಾದ ಎತ್ತರವಿಲ್ಲ.

ಆದರೆ ಅರವತ್ತರ ದಶಕದಲ್ಲಿ ಅವರು ಮಾಡಿದ ಕೆಲಸ ನೋಡಿ. 1965ರಲ್ಲಿ ತಮ್ಮ ಬಂದಿಶುಗಳ, ರಾಗಗಳ ಪುಸ್ತಕ 'ಅನೂಪರಾಗವಿಲಾಸ' ತಂದರು. ಗೀತವರ್ಷಾದಂಥ ಋತುವಿನ ಕಾರ್ಯಕ್ರಮಗಳು, ಕಬೀರ-ಸೂರ-ಮೀರಾರನ್ನು ಒಟ್ಟಿಗಿಟ್ಟ ತ್ರಿವೇಣಿ, ಬಾಲಗಂಧರ್ವರ ರಂಗಗೀತೆಗಳನ್ನು ತಾವು ಅರಿತಂತೆ ಮತ್ತೆ ಹಾಡಿದ ಕಾರ್ಯಕ್ರಮ. ಇವು ತಾಲೀಮು ಬೇಡುವ, ಪದ ಹುಡುಕಬೇಕಾದ, ಜೊತೆಗಾರರು ಬೇಕಾದ ಕೆಲಸಗಳು. ಒಬ್ಬನೇ ಕೋಣೆಯಲ್ಲಿ ಅಳುತ್ತ ಮಾಡುವಂಥವಲ್ಲ. ವಸುಂಧರಾ ಅವರ ದನಿ ಪಕ್ಕದಲ್ಲಿರುವ ನಿರ್ಗುಣಿ ಭಜನೆಗಳನ್ನು ಕೇಳಿದವರಿಗೆ ಗೊತ್ತು, ಆ ದನಿ ಹಿಂದೆ ನಿಂತು ನೆರಳಾಗುವುದಿಲ್ಲ. ಒಂದೇ ಸಾಲನ್ನು ಇಬ್ಬರೂ ಎತ್ತಿದಾಗ ಕುಮಾರರ ದನಿಯ ಚೂಪು ತುದಿಗೆ ಅಗಲವಾದ ದಡ ಸಿಕ್ಕಂತಾಗುತ್ತದೆ. ಕಬೀರ ಸಾವಿನ ಬಗ್ಗೆ ಹಾಡಿದ, ಕುಮಾರರು ಸಾವನ್ನು ಕಂಡಿದ್ದರು, ಆದ್ದರಿಂದ ಹಾಗೆ ಹಾಡಿದರು ಎಂಬ ಸಮೀಕರಣ ನನಗೆ ಇನ್ನು ಒಪ್ಪಿಗೆಯಿಲ್ಲ. ನಿರ್ಗುಣಿ ಪದಗಳು ಅವರಿಗೆ ಬಂದದ್ದು ಭಾನುಮತಿ ದುಡಿದು ತಂದ ವರ್ಷಗಳಲ್ಲಿ. ಲಿಂಡಾ ಹೆಸ್ 2009ರಲ್ಲಿ ಪ್ರಕಟಿಸಿದ ಪುಸ್ತಕ ಆ ಭಜನೆಗಳನ್ನು ಶೂನ್ಯವನ್ನು ಹಾಡುವ ಕಲೆಯಾಗಿ ನೋಡುತ್ತದೆ. ಶೂನ್ಯ ಎಂಬ ಮಾತು ಕನ್ನಡದವರಿಗೆ ಹೊಸದಲ್ಲ. ಶೂನ್ಯ ಖಾಲಿಯಲ್ಲ ಎಂಬುದನ್ನೂ ಅಲ್ಲಮನ ನಾಡಿನವರಿಗೆ ಹೇಳಿಕೊಡಬೇಕಿಲ್ಲ. ಅದನ್ನು ವಿರಹವೆಂದು ಓದುವುದು ನಮ್ಮ ಅವಸರ.

ಈ ಕಥೆ ಹೆಂಗಸರ ಮೇಲೆ ಇನ್ನೂ ಭಾರವಾಗಿ ಬೀಳುತ್ತದೆ. ಬೇಗಂ ಅಖ್ತರ್ ಅವರ ವಿಷಯವನ್ನೇ ತೆಗೆದುಕೊಳ್ಳಿ. 1945ರಲ್ಲಿ ಲಖನೌದ ಬ್ಯಾರಿಸ್ಟರ್ ಇಶ್ತಿಯಾಕ್ ಅಹ್ಮದ್ ಅಬ್ಬಾಸಿಯವರನ್ನು ಮದುವೆಯಾದ ಮೇಲೆ ಹಾಡು ನಿಂತಿತು. ಕಾಯಿಲೆ ಬಿದ್ದರು, ಸಂಗೀತವೇ ಮದ್ದೆಂದು ತೀರ್ಮಾನವಾಯಿತು, 1949ರಲ್ಲಿ ಲಖನೌ ಆಕಾಶವಾಣಿಯಲ್ಲಿ ಮತ್ತೆ ಹಾಡಿ ಅತ್ತರು. ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ಅವರನ್ನು ಮೊದಲು ಸುಮ್ಮನಾಗಿಸಿದ್ದು ದುಃಖವಲ್ಲ, ಮರ್ಯಾದೆ. ತವಾಯಫ್ ಹಿನ್ನೆಲೆಯ ಅಖ್ತರಿಬಾಯಿ ಫೈಜಾಬಾದಿ ದೊಡ್ಡ ಮನೆಗೆ ಸೊಸೆಯಾಗಿ ಬರಬೇಕಾದರೆ ಹಾಡು ಬಿಡಬೇಕಿತ್ತು. ಮರಳಿ ಬಂದದ್ದು ಬೇಗಂ ಅಖ್ತರ್ ಎಂಬ ಹೆಸರಿನಲ್ಲಿ. ಮದ್ದಿನ ಮಾತು ಬಂದಕೂಡಲೇ ನಿಷೇಧದ ಮಾತು ಮರೆಗೆ ಹೋಗುತ್ತದೆ. ಅವರ ದನಿ ಮೇಲೆ ಏರುವಾಗ ಚೂರು ಒಡೆಯುತ್ತದಲ್ಲ, ಜನ ಪ್ರಾಣ ಬಿಡುವುದು ಅದಕ್ಕೇ. ಅದನ್ನೂ ನೋವಿನ ಗುರುತೆಂದು ವಿವರಿಸುವವರಿದ್ದಾರೆ. ಎಲ್ಲಿ ಒಡೆಯಬೇಕು, ಯಾವ ಅಕ್ಷರದ ಮೇಲೆ ಒಡೆಯಬೇಕು ಎಂಬುದು ಅವರ ಕೈಯಲ್ಲಿತ್ತು ಎಂದರೆ ಕಥೆಯ ರುಚಿ ಕೆಡುತ್ತದೆಯೇ?

ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಹಿಂದೆ ಮಗಳು ಕೃಷ್ಣಾ ದಶಕಗಳ ಕಾಲ ಕೂತು ದನಿಗೂಡಿಸಿದರು. ತಾಯಿಯ ಉಸಿರು ಮುಗಿಯುವಲ್ಲಿ ಮಗಳ ಉಸಿರು ಹಿಡಿದುಕೊಳ್ಳುತ್ತದೆ. ಕೊನೆಕೊನೆಯ ಮುದ್ರಣಗಳಲ್ಲಿ ಹೊಲಿಗೆ ಎಲ್ಲಿದೆ ಎಂದು ಗುರುತಿಸುವುದು ಕಷ್ಟ. 2004ರಲ್ಲಿ ಮಗಳು ತೀರಿಕೊಂಡರು. 2006ರ ಮಾರ್ಚಿನಲ್ಲಿ, ತೊಂಬತ್ತಮೂರರ ತಾಯಿ ತಮ್ಮ ಗಾಯನ ಬದುಕಿನ ಎಪ್ಪತ್ತೈದನೆಯ ವರ್ಷಕ್ಕೆ ಕೊನೆಯ ಕಛೇರಿ ಕೊಟ್ಟರು. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ. ಒಂದೂವರೆ ಪುಟದ ಪಾಠ ಅಷ್ಟಾದರೂ ಕಲಿಸಬೇಕಲ್ಲ.

ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ನನ್ನ ಸೋದರತ್ತೆ ಧಾರವಾಡದಲ್ಲಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ದೊಡ್ಡ ಹೆಸರೇನಲ್ಲ. ಮಾಮ ಹೋದ ಮೇಲೆ ನಾಲ್ಕು ವರ್ಷ ಹಾಡಲಿಲ್ಲ. ಶರಣರು ಸೂತಕ ಒಪ್ಪಲಿಲ್ಲ. ನಮ್ಮ ಮನೆಯಲ್ಲೂ ಆಚರಿಸುವುದಿಲ್ಲ. ಹಾಗಾಗಿ ಯಾರೂ ಹಾಡಬೇಡವೆಂದಿರಲಿಲ್ಲ. ಸೂತಕವಿದ್ದವರಿಗೆ ಅದು ಕಳೆಯುವ ದಿನವಾದರೂ ಇರುತ್ತದೆ, ಅತ್ತೆಗೆ ಅದೂ ಇರಲಿಲ್ಲ. ನಿಂತದ್ದಕ್ಕೆ ಕಾರಣ ದುಃಖವೊಂದೇ ಅಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ತಂಬೂರಿಯ ಜವಾರಿ ದಾರ ಸರಿಮಾಡುತ್ತಿದ್ದದ್ದು ಮಾಮ. ಆ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವ ಕೈ ಹೋಗಿತ್ತು. ತಂಬೂರಿ ಮೂಲೆಯಲ್ಲಿ ಗವಸು ಹಾಕಿಕೊಂಡು ನಿಂತಿತ್ತು.

ಮತ್ತೆ ಹಾಡಿದ್ದು ಓಣಿಯ ಒಂದು ತೊಟ್ಟಿಲ ಕಾರ್ಯದಲ್ಲಿ. ಎರಡು ಪದ. ಮುಗಿಯುತ್ತಲೇ ಹಿರಿಯರೊಬ್ಬರು ತಲೆದೂಗಿ, "ದುಃಖ ಉಂಡ ದನಿ ನೋಡ್ರಿ, ಹೆಂಗ ಮಾಗೈತಿ" ಅಂದರು. ಸುತ್ತಲಿನವರು ಹೌದೆಂದರು. ನಾನೂ ಹೌದೆಂದೆ. ಅತ್ತೆ ಅಲ್ಲಿ ನಕ್ಕಳು. ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನಗೆ ಹೇಳಿದಳು: "ಮಾಗೂದೇನು ಬಂತವಾ, ಜಂಗ್ ಹಿಡದೈತಿ. ನಾಕು ವರ್ಷ ರಿಯಾಜ್ ಇಲ್ಲ. ನಿಷಾದ ತೆಳಗ ಕುಂದ್ರತಿತ್ತು, ನಿನಗ ಕೇಳಸಲಿಲ್ಲೇನು?"

ಕೇಳಿಸಿತ್ತು. ನಿಷಾದ ಇಳಿದದ್ದನ್ನು ನನ್ನ ಕಿವಿ ಹಿಡಿದಿತ್ತು, ಅದನ್ನು ಮಾಗಿದ್ದೆಂದು ನಾನೇ ತಿದ್ದಿಕೊಂಡಿದ್ದೆ. ಅವಳಿಗೆ ಅವಮಾನವಾದದ್ದು ಅಲ್ಲಿ. ಇಪ್ಪತ್ತೈದು ವರ್ಷ ಸಾಧಿಸಿ ಸ್ವರ ಜಾಗದಲ್ಲಿ ನಿಂತಿದ್ದಾಗ ಓಣಿಯಲ್ಲಿ ಯಾರೂ ತಲೆದೂಗಿರಲಿಲ್ಲ.

ಈಗ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಖರ್ಜ ಸಾಧನೆ ಮಾಡುತ್ತಾಳೆ. ಜವಾರಿ ತಾನೇ ಕಲಿಯುತ್ತಿದ್ದಾಳೆ, ಇನ್ನೂ ಸರಿ ಬಂದಿಲ್ಲ, ಜೋಡು ತಂತಿಗಳಲ್ಲಿ ಒಂದು ಗುಂಯ್ ಅನ್ನದೆ ಟಣ್ ಅನ್ನುತ್ತದೆ. ಕಾಳಿ ನಾಲ್ಕರಲ್ಲಿ ಹಾಡುತ್ತಿದ್ದವಳು ಕಾಳಿ ಮೂರಕ್ಕೆ ಇಳಿದಿದ್ದಾಳೆ. ಈ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ ಎಂದು ಹೇಳಲು ಮೊನ್ನೆ ಫೋನ್ ಮಾಡಿದ್ದೆ. ಅರ್ಧ ಕೇಳಿಸಿಕೊಂಡು, "ಅದಿರಲಿ, ಶ್ರುತಿ ಇಳಿಸೇನಿ, ಹಳೇ ತಂತಿ ಸಡಲಾಗ್ಯಾವು. ಮೀರಜಿಗೆ ಹೋಗವ್ರು ಯಾರರ ಇದ್ರ ಸ್ವಲ್ಪ ದಪ್ಪನ್ನ ತರಾಕ ಹೇಳು" ಅಂದಳು.