ಎರಡನೆಯ ಲೆನ್ಸು

ಮೊದಲ ಕ್ಯಾಮೆರಾದೊಡನೆ ಪೆಟ್ಟಿಗೆಯಲ್ಲಿಯೇ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು ಕುರಿತು ಬಲ್ಲವರೆನಿಸಿಕೊಂಡವರು ಆಡುವ ತಾತ್ಸಾರದ ಮಾತು ಬಹುಮಟ್ಟಿಗೆ ಅನ್ಯಾಯದ ಮಾತೆಂದೇ ನನ್ನ ಅಭಿಪ್ರಾಯ. ಅಪರ್ಚರನ್ನು ಎಫ್ 8ಕ್ಕೆ ಕಿರಿದುಗೊಳಿಸಿ, ಎಳೆಬಿಸಿಲಿನಲ್ಲಿ ಹಂಪಿಯ ಹೆಬ್ಬಂಡೆಗಳನ್ನೋ ತುಂಗಭದ್ರೆಯ ದಡದ ಮಂಟಪವನ್ನೋ ಆ ಲೆನ್ಸಿನಿಂದ ತೆಗೆದು, ಅದರ ಹತ್ತುಪಟ್ಟು ಬೆಲೆಯ ಲೆನ್ಸಿನ ಚಿತ್ರವೊಂದರ ಪಕ್ಕದಲ್ಲಿ ಸಾಧಾರಣ ಗಾತ್ರದಲ್ಲಿ ಅಚ್ಚುಹಾಕಿಸಿ ಇಟ್ಟರೆ, ಯಾವುದು ಯಾವುದರದೆಂದು ನಿಶ್ಚಯವಾಗಿ ಹೇಳಬಲ್ಲ ಕಣ್ಣು ಅಪರೂಪ. ಹಗುರವಾದುದು, ಬಹೂಪಯೋಗಿಯಾದುದು, ಕೈನಡುಕವನ್ನು ತಡೆಯುವ ವ್ಯವಸ್ಥೆಯನ್ನು ಬಹುತೇಕ ಒಳಗೊಂಡಿರುವುದು. ಇಷ್ಟು ಗುಣಗಳುಳ್ಳ ವಸ್ತುವನ್ನು ಮೂಲೆಗೆ ತಳ್ಳುವುದಕ್ಕಾಗಿ ಎರಡನೆಯ ಲೆನ್ಸನ್ನು ಕೊಳ್ಳಹೊರಡುವವರು ತಮ್ಮ ಅಲ್ಪಧನವನ್ನು ವ್ಯರ್ಥವಾಗಿ ಕಳೆಯುವ ಸಂಭವವೇ ಹೆಚ್ಚು. ಇರುವ ಲೆನ್ಸು ಏನನ್ನು ಕೊಡಲಾರದೆಂಬುದು ಸ್ವಂತ ಚಿತ್ರಗಳಿಂದಲೇ ಸಿದ್ಧವಾದ ಮೇಲೆ ಮಾತ್ರ ಮತ್ತೊಂದರ ಆಯ್ಕೆಗೆ ಅರ್ಥ ಬರುತ್ತದೆ.

ಅದು ಕೊಡಲಾರದ ಸಂಗತಿಗಳು ಮುಖ್ಯವಾಗಿ ಎರಡು. ದೂರದಲ್ಲಿರುವುದನ್ನು ಅದು ಹತ್ತಿರಕ್ಕೆ ತಾರದು. ಮಂದವಾದ ಬೆಳಕಿನಲ್ಲಿ ಅದರ ಕೈ ಸಾಗದು. ಈ ಎರಡು ಕೊರತೆಗಳಲ್ಲಿ ಯಾವುದನ್ನು ಮೊದಲು ತುಂಬಿಕೊಳ್ಳಬೇಕೆಂಬುದನ್ನು ಕೊಳ್ಳುವವರ ಪರವಾಗಿ ಅಂಗಡಿಯೇ ನಿಶ್ಚಯಿಸಿಬಿಡುತ್ತದೆ. ಕ್ಯಾನನ್ 1500ಡಿಯಂಥ ಕ್ಯಾಮೆರಾವನ್ನು 18-55ರ ಜೊತೆಗೆ 55-250ನ್ನೂ ಸೇರಿಸಿ, ನಿಕಾನ್ ಡಿ3500ನ್ನು 70-300ರೊಡನೆ ಕೂಡಿಸಿ, ಜೋಡಿ ಲೆನ್ಸಿನ ಪೆಟ್ಟಿಗೆಯೆಂದು ಮಾರುವ ಪದ್ಧತಿ ನಮ್ಮಲ್ಲಿ ರೂಢಮೂಲವಾಯಿತು. ಎರಡು ಲೆನ್ಸುಗಳ ಅಂಕಿಗಳು ಒಂದರ ಬಾಲಕ್ಕೆ ಒಂದು ಸೇರಿಕೊಂಡು, ಇಲ್ಲವೆ ಸೇರುವಷ್ಟು ಸಮೀಪಕ್ಕೆ ಬಂದು, ನಡುವೆ ಹೇಳಿಕೊಳ್ಳುವಂಥ ತೆರಪಿಲ್ಲದಂತೆ ಕಾಣುವುದರಿಂದ, ಇನ್ನು ತೆಗೆಯಲಾಗದ ಚಿತ್ರವೇ ಇಲ್ಲವೆಂಬ ಭರವಸೆ ಕೊಳ್ಳುವವರ ಮನಸ್ಸಿನಲ್ಲಿ ಮೂಡುತ್ತದೆ. ಈ ಭರವಸೆ ಸುಳ್ಳೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಅಂಕಿಗಳು ಸೂಚಿಸುವ ಸಂಗಮದೂರದಲ್ಲಿಯ (ಫೋಕಲ್ ಲೆಂಗ್ತ್) ತೆರಪನ್ನು ನಾಲ್ಕು ಹೆಜ್ಜೆ ಮುಂದಿಟ್ಟೋ ಹಿಂದಿಟ್ಟೋ ಬಹಳ ಸಲ ಮುಚ್ಚಬಹುದು. ಬೆಳಕಿನಲ್ಲಿಯ ತೆರಪನ್ನು ಎಷ್ಟು ಹೆಜ್ಜೆ ನಡೆದರೂ ಮುಚ್ಚಲಾಗದು. ಜೋಡಿಯಾಗಿ ಬರುವ ಈ ಎರಡು ಲೆನ್ಸುಗಳೂ ಬೆಳಕಿನ ವಿಷಯದಲ್ಲಿ ಒಂದೇ ದಾರಿದ್ರ್ಯಕ್ಕೆ ಗುರಿಯಾದವು.

ಲೆಕ್ಕವನ್ನು ನೋಡಿದರೆ ಮಾತು ಇನ್ನಷ್ಟು ವಿಶದವಾಗುತ್ತದೆ. ಕಿಟ್ ಲೆನ್ಸಿನ ಅಪರ್ಚರು 18 ಮಿ.ಮೀ.ನಲ್ಲಿ ಎಫ್ 3.5ರಷ್ಟು ತೆರೆದರೂ, 55ಕ್ಕೆ ಬರುವಷ್ಟರಲ್ಲಿ ಎಫ್ 5.6ಕ್ಕೆ ಕುಗ್ಗಿರುತ್ತದೆ. ಒಳಬರುವ ಬೆಳಕು ಈ ಅಂಕಿಯ ವರ್ಗಕ್ಕೆ ವಿಲೋಮವಾಗಿ ವ್ಯತ್ಯಾಸವಾಗುವುದರಿಂದ, ಎಫ್ 1.8ರವರೆಗೆ ತೆರೆಯಬಲ್ಲ ಲೆನ್ಸು ಎಫ್ 5.6ರದಕ್ಕಿಂತ ಸುಮಾರು ಒಂಬತ್ತೂವರೆಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ದಕ್ಷಿಣ ಕನ್ನಡದ ಬಯಲಾಟವೊಂದರಲ್ಲಿ, ಐಎಸ್ಒವನ್ನು ಏರಿಸಬಹುದಾದಷ್ಟು ಏರಿಸಿಯೂ, ಕಿಟ್ ಲೆನ್ಸಿಗೆ ಸೆಕೆಂಡಿನ 20ನೆಯ ಒಂದು ಭಾಗದ ಶಟರ್ ವೇಗವೇ ದಕ್ಕುವುದೆಂದಿಟ್ಟುಕೊಳ್ಳೋಣ. ಅದೇ ಬೆಳಕಿನಲ್ಲಿ ಎಫ್ 1.8ರ ಲೆನ್ಸಿಗೆ ಹೆಚ್ಚುಕಡಿಮೆ 200ನೆಯ ಒಂದು ಭಾಗ ದೊರೆಯುತ್ತದೆ. ಮೊದಲನೆಯದರಲ್ಲಿ ವೇಷಧಾರಿಯ ಮುಖವೇ ಕದಡಿಹೋಗುತ್ತದೆ. ಎರಡನೆಯದರಲ್ಲಿ ದಿಗಿಣದ ಚಕ್ರಗತಿ ಪೂರ್ತಿಯಾಗಿ ನಿಲ್ಲದಿದ್ದರೂ, ಕುಣಿತದ ನಡುವೆ ಅರ್ಥಕ್ಕೆ ನಿಲ್ಲುವ ಆ ಮುಖದ ಭಾವ, ಕಿರೀಟದ ಮಿನುಗು, ಹುಬ್ಬಿನ ಏರಿಳಿತ ನಿಚ್ಚಳವಾಗಿ ಮೂಡುತ್ತವೆ. ಕೈನಡುಕವನ್ನು ತಡೆಯುವ ವ್ಯವಸ್ಥೆ ಇಲ್ಲಿ ನೆರವಾಗದೆ ಎಂದು ಕೇಳುವವರುಂಟು. ಅದು ತಡೆಯುವುದು ತೆಗೆಯುವವರ ಕೈಯ ಚಲನೆಯನ್ನು. ಎದುರಿಗಿರುವವರ ಚಲನೆಯ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. ಈ ಮಿತಿಯನ್ನು ಅಂಗಡಿಯವರು ಹೇಳುವುದು ಕಡಮೆ.

ದೂರದ ಲೆನ್ಸು ಎಲ್ಲರಿಗೂ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರ ವನ್ಯಜೀವಿ ಚಿತ್ರಗಳನ್ನೂ ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ತೆಗೆದ ಹಕ್ಕಿಗಳನ್ನೂ ಕಂಡು ಬೆಳೆದ ನಾಡಿನಲ್ಲಿ, ಕ್ಯಾಮೆರಾ ಕೈಗೆ ಬಂದ ತರುಣರ ಮನಸ್ಸು ಮೊದಲು ಹಕ್ಕಿಯ ಕಡೆಗೆ ಹಾರುವುದು ಸಹಜ, ಸಂತೋಷದ ಸಂಗತಿಯೂ ಹೌದು. ಸಲೀಂ ಅಲಿಯವರ ಸೂಚನೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ, ಕಾವೇರಿಯ ಮೇಲೆ ದೋಣಿ ತೇಲಿ ಗೂಡುಗಳ ಸಮೀಪಕ್ಕೇ ಹೋಗುವುದರಿಂದ, 55-250ರಂಥ ಸಾಮಾನ್ಯ ಲೆನ್ಸು ಕೂಡ ಬಣ್ಣದ ಕೊಕ್ಕರೆಯ ಗರಿಯನ್ನು ಎಣಿಸುವಂತೆ ತೋರಿಸಬಲ್ಲದು. ಕಿರಿಯ ಗಾತ್ರದ ಸೆನ್ಸರಿನ ಕಾರಣದಿಂದ ಕ್ಯಾನನ್ ಕ್ಯಾಮೆರಾದ ಮೇಲೆ ಅದರ 250 ಮಿ.ಮೀ. ದೃಷ್ಟಿಕೋನ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 400ಕ್ಕೆ ಸಮಾನವಾಗುತ್ತದೆ. 2013ರಲ್ಲಿ ಬಂದ ಅದರ ಎಸ್‌ಟಿಎಂ ಆವೃತ್ತಿ ಬೆಲೆಗೆ ಮೀರಿದ ಗುಣವುಳ್ಳದ್ದೆಂದು ಸಂಕೋಚವಿಲ್ಲದೆ ಹೇಳಬಹುದು. ಇದಕ್ಕೆ ವಿರುದ್ಧವಾಗಿ, ನಡುಕ ತಡೆಯುವ ವ್ಯವಸ್ಥೆಯೇ ಇಲ್ಲದ ಕ್ಯಾನನ್ 75-300ನ್ನು, ಅಂಕಿ ದೊಡ್ಡದೆಂಬ ಒಂದೇ ಕಾರಣಕ್ಕೆ, ಯಾರೂ ಕೊಳ್ಳಬಾರದು. 300ರ ತುದಿಯಲ್ಲಿ ಅದರ ಚಿತ್ರ ಮಂಕು. ಅಲ್ಲಿ ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಶಟರು ಸೆಕೆಂಡಿನ 500ನೆಯ ಒಂದು ಭಾಗದಷ್ಟಾದರೂ ವೇಗವಾಗಿರಬೇಕು. ಆ ವೇಗಕ್ಕೆ ಬೇಕಾದ ಬೆಳಕು ಹಕ್ಕಿಗಳು ಚಟುವಟಿಕೆಯಿಂದಿರುವ ಮುಂಜಾವಿನಲ್ಲಿ ಇರುವುದೇ ಇಲ್ಲ.

ಹಕ್ಕಿಯ ಹಿಂದೆ ಹೋಗದ ಬಹುಸಂಖ್ಯಾತರ ಸ್ಥಿತಿಯನ್ನು ಯೋಚಿಸೋಣ. ಮನೆಯ ಮಕ್ಕಳು, ಹಬ್ಬದ ಸಂಜೆ, ದೀಪದ ಬೆಳಕಿನ ಅಡಿಗೆಮನೆ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಛತ್ರ: ಇವು ಅವರ ಚಿತ್ರಗಳ ವಸ್ತು. ತೆಗೆದ ಪ್ರತಿಯೊಂದು ಚಿತ್ರದೊಳಗೂ ಸಂಗಮದೂರ, ಅಪರ್ಚರು, ಐಎಸ್ಒಗಳನ್ನು ಕ್ಯಾಮೆರಾ ತಾನಾಗಿಯೇ ಬರೆದಿಟ್ಟಿರುತ್ತದೆ. ಕಳೆದ ವರ್ಷದ ಚಿತ್ರಗಳಲ್ಲಿ ಕೆಟ್ಟುಹೋದವನ್ನು ಆರಿಸಿ ಈ ಅಂಕಿಗಳನ್ನು ನೋಡಿದರೆ ಯಾವ ಕೊರತೆಯಿಂದ ಕೆಟ್ಟವೆಂಬುದು ತಿಳಿದುಬರುತ್ತದೆ. 55ರ ತುದಿಗೆ ತಿರುಗಿಸಿಯೂ ವಸ್ತು ಚಿಕ್ಕದಾಗಿ ಉಳಿದ ಚಿತ್ರಗಳಿಗಿಂತ, ಐಎಸ್ಒ ಮಿತಿಮೀರಿ ಏರಿ ಕಾಳುಕಾಳಾದ ಅಥವಾ ಶಟರು ನಿಧಾನವಾಗಿ ಕದಡಿದ ಚಿತ್ರಗಳೇ ಇಂಥವರ ಸಂಗ್ರಹದಲ್ಲಿ ಹೆಚ್ಚಾಗಿರುತ್ತವೆ. ಅವರಿಗೆ ಬೇಕಾದುದು ಸಂಗಮದೂರ ಬದಲಾಗದ, ದೊಡ್ಡದಾಗಿ ತೆರೆಯುವ ಪ್ರೈಮ್ ಲೆನ್ಸು.

ಪ್ರೈಮ್ ಲೆನ್ಸುಗಳಲ್ಲಿ 50 ಮಿ.ಮೀ. ಎಫ್ 1.8 ಇಷ್ಟು ಅಗ್ಗವಾಗಿರುವುದಕ್ಕೆ ವ್ಯಾಪಾರಿಯ ಔದಾರ್ಯ ಕಾರಣವಲ್ಲ, ದೃಗ್ವಿಜ್ಞಾನ ಕಾರಣ. ಜರ್ಮನಿಯ ಯೇನಾದಲ್ಲಿ ಜೈಸ್ ಸಂಸ್ಥೆಯ ಪೌಲ್ ರುಡಾಲ್ಫ್ 1896ರಲ್ಲಿ ಪ್ಲಾನಾರ್ ಲೆನ್ಸನ್ನು ರಚಿಸಿದಾಗ, ಅಪರ್ಚರಿನ ಇಕ್ಕೆಲಗಳಲ್ಲಿ ಮಸೂರಗಳನ್ನು ಹೆಚ್ಚುಕಡಿಮೆ ಸಮರೂಪವಾಗಿ ಜೋಡಿಸಿದರೆ ಒಂದು ಪಕ್ಕದ ದೋಷವನ್ನು ಮತ್ತೊಂದು ಪಕ್ಕ ಬಹುಪಾಲು ಅಳಿಸಿಹಾಕುವುದೆಂಬ ತತ್ತ್ವ ಅದರಲ್ಲಿ ಕೈಗೂಡಿತು. ಆ ವಂಶದ ಸರಳ ರಚನೆಯೇ ಇಂದಿಗೂ 50 ಮಿ.ಮೀ. ಲೆನ್ಸುಗಳ ಅಡಿಪಾಯ. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ, ಆ ಕನ್ನಡಿ ಮೇಲೆದ್ದು ಬೀಳುವುದಕ್ಕೆ ಎಡೆಯಿರಬೇಕಾದ್ದರಿಂದ, ಲೆನ್ಸು ಕೂರುವ ಬಳೆಗೂ ಸೆನ್ಸರಿಗೂ ನಡುವೆ ಕ್ಯಾನನ್ನಿನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರವಿದೆ, 50 ಮಿ.ಮೀ. ಲೆನ್ಸು ಈ ಅಂತರಕ್ಕೆ ಸಹಜವಾಗಿ ಹೊಂದಿಕೊಳ್ಳುವುದರಿಂದ ಆರು ಮಸೂರಗಳಲ್ಲಿಯೇ ಕೆಲಸ ಮುಗಿಯುತ್ತದೆ. ಅದಕ್ಕಿಂತ ಗಿಡ್ಡ ಸಂಗಮದೂರದ ಲೆನ್ಸಿನಲ್ಲಿ ಬಿಂಬವನ್ನು ಹಿಂದಕ್ಕೆ ನೂಕುವ ಬೇರೊಂದು ತೊಡಕಿನ ರಚನೆ ಬೇಕಾಗಿ, ಗಾಜೂ ಬೆಲೆಯೂ ಒಟ್ಟಿಗೆ ಬೆಳೆಯುತ್ತವೆ.

ಕ್ಯಾನನ್ 1990ರಲ್ಲಿ ತಂದ ಈ ಲೆನ್ಸಿನ ಎರಡನೆಯ ಆವೃತ್ತಿ 130 ಗ್ರಾಮಿನ ಪ್ಲಾಸ್ಟಿಕ್ ದೇಹದ್ದು. ಕೂರುವ ಬಳೆಯೂ ಪ್ಲಾಸ್ಟಿಕ್. ಆಟೋಫೋಕಸಿನ ಮೋಟಾರು ಗರಗರ ಸದ್ದುಮಾಡುತ್ತದೆ. ಅಪರ್ಚರಿಗೆ ಐದೇ ಅಲಗುಗಳಾದ್ದರಿಂದ ಹಿನ್ನೆಲೆಯ ದೀಪಗಳು ಪಂಚಕೋನವಾಗಿ ಕಾಣುತ್ತವೆ. ಇವೆಲ್ಲ ದೇಹದ ದೋಷಗಳೇ ಹೊರತು ಗಾಜಿನವಲ್ಲ. 2015ರ ಎಸ್‌ಟಿಎಂ ಆವೃತ್ತಿಯಲ್ಲಿ ಬಳೆ ಲೋಹದ್ದಾಯಿತು, ಅಲಗುಗಳು ಏಳಾದವು, 35 ಸೆಂ.ಮೀ. ಸಮೀಪದವರೆಗೆ ಫೋಕಸ್ ಮಾಡುವ ಶಕ್ತಿ ಬಂತು. ಪೂರ್ತಿ ತೆರೆದಾಗ ಎರಡರಲ್ಲಿಯೂ ಚಿತ್ರ ಸ್ವಲ್ಪ ಮೃದುವಾದರೂ, ಎಫ್ 2.8ಕ್ಕೆ ಇಳಿಸಿದರೆ ದೊರೆಯುವ ತೀಕ್ಷ್ಣತೆಯನ್ನು ಕಿಟ್ ಲೆನ್ಸು ಮಂದ ಬೆಳಕಿನಲ್ಲಿ ಮುಟ್ಟಲಾರದು.

ಆದರೂ 50ನ್ನೇ ಎಲ್ಲರೂ ಕೊಳ್ಳಲೆಂಬ ಸಾರ್ವತ್ರಿಕ ಉಪದೇಶವನ್ನು ನಾನು ಒಪ್ಪಲಾರೆ. ಫಿಲ್ಮಿನ ಕಾಲದಲ್ಲಿ ಸಹಜದೃಷ್ಟಿಯ ಲೆನ್ಸೆಂದು ಅದಕ್ಕೆ ಬಂದ ಕೀರ್ತಿಯನ್ನು, ಕಿರಿಯ ಸೆನ್ಸರಿನ ಇಂದಿನ ಆರಂಭದ ಕ್ಯಾಮೆರಾಗಳಿಗೆ ವಿಚಾರಮಾಡದೆ ಹೊಂದಿಸಿದ್ದಾರೆ. ಕ್ಯಾನನ್ನಿನ ಈ ಕ್ಯಾಮೆರಾಗಳ ಮೇಲೆ ಅದು 80 ಮಿ.ಮೀ.ಗೆ ಸಮಾನ, ಹತ್ತಡಿ ಹನ್ನೆರಡಡಿಯ ನಡುಮನೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಊಟಕ್ಕೆ ಕುಳಿತ ನಾಲ್ವರನ್ನು ಚೌಕಟ್ಟಿನೊಳಗೆ ತರುವುದು ಕಷ್ಟ. ಒಬ್ಬರ ಮುಖಚಿತ್ರಕ್ಕೆ ಅದು ಮನೋಹರ. ಒಂದು ಕುಟುಂಬದ ಜೀವನಕ್ಕೆ ಇಕ್ಕಟ್ಟು. ನಿಕಾನ್ 2009ರಲ್ಲಿ ತಂದ 35 ಮಿ.ಮೀ. ಎಫ್ 1.8 ಡಿಎಕ್ಸ್ ಲೆನ್ಸು ಈ ಸೂಕ್ಷ್ಮವನ್ನು ಅರಿತು, ಆರಂಭದ ಕ್ಯಾಮೆರಾಗಳಿಗೆಂದೇ ರಚಿತವಾದುದು. ಎಂಟು ಮಸೂರಗಳ, 200 ಗ್ರಾಮಿನ ಈ ಲೆನ್ಸು ಕೋಣೆಯಲ್ಲಿಯೂ ಬೀದಿಯಲ್ಲಿಯೂ ಕಣ್ಣಿಗೆ ಸಮೀಪವಾದ ನೋಟವನ್ನು ಕೊಡುತ್ತದೆ. ಬಯಲಾಟದ ಚೌಕಿಯಲ್ಲಿ ಸಾಲಾಗಿ ಕುಳಿತು ಬಣ್ಣ ಹಚ್ಚಿಕೊಳ್ಳುವ ಕಲಾವಿದರ ನಡುವೆ, ಅವರ ಏಕಾಗ್ರತೆಗೆ ಭಂಗ ಬಾರದಂತೆ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯಬೇಕೆನ್ನುವವರಿಗೆ ಇದಕ್ಕಿಂತ ತಕ್ಕ ಸಾಧನವನ್ನು ಈ ಬೆಲೆಯಲ್ಲಿ ನಾನು ಸೂಚಿಸಲಾರೆ. ಕ್ಯಾನನ್ ಬಳಗದವರಿಗೆ ಇದಕ್ಕೆ ಸಾಟಿಯಾದ ಅಗ್ಗದ ಲೆನ್ಸು ದೊರೆಯದೆ ಹೋದುದು ಖೇದಕರ. 2014ರ 24 ಮಿ.ಮೀ. ಎಫ್ 2.8 ಚಪ್ಪಟೆಯಾಗಿ, ಹಗುರವಾಗಿ, ಚೂಪಾಗಿ ಇದೆ, ನಿಜ. ಆದರೆ ಕಿಟ್ ಲೆನ್ಸು ತಾನೇ 24ರ ಹತ್ತಿರ ಎಫ್ 4ರಷ್ಟು ತೆರೆಯುವುದರಿಂದ ಇದರಿಂದ ಆಗುವ ಬೆಳಕಿನ ಲಾಭ ಎರಡುಪಟ್ಟು ಮಾತ್ರ. ಕೈಯಲ್ಲಿ ಒಂದೇ ಲೆನ್ಸಿನ ಹಣವಿರುವವರು ಅಷ್ಟಕ್ಕಾಗಿ ಅದನ್ನು ಕಳೆಯುವುದು ತರವಲ್ಲ. ಇಕ್ಕಟ್ಟನ್ನು ಸಹಿಸಿಕೊಂಡಾದರೂ ಅವರು 50ನ್ನೇ ಕೊಳ್ಳಬೇಕು.

ದೂರದ ಲೆನ್ಸು, ಬೆಳಕಿನ ಲೆನ್ಸು ಎರಡರ ಅಧಿಕಾರಕ್ಷೇತ್ರವೂ ಒಂದೇ ಸ್ಥಳದಲ್ಲಿ ಕಾಣುವುದು ಬೇಲೂರಿನಲ್ಲಿ. ವಿಷ್ಣುವರ್ಧನನ ಚೆನ್ನಕೇಶವ ದೇವಾಲಯದ ಹೊರಗೋಡೆಯ ಸೂರಿನಡಿ ಎತ್ತರದಲ್ಲಿ ನಿಂತ 38 ಮದನಿಕೆಯರ ಬೆರಳಿನ ಬಾಗು, ಕಂಠಿಯ ಕೊರೆತಗಳನ್ನು ನೆಲದಿಂದ ಹಿಡಿಯಬೇಕಾದರೆ 55-250 ಬೇಕು, ಹಗಲಿನ ಬೆಳಕು ಅದಕ್ಕೆ ಸಾಕಷ್ಟಿದೆ. ಒಳಗೆ ನವರಂಗಕ್ಕೆ ಕಾಲಿಟ್ಟೊಡನೆ ಆ ಲೆನ್ಸು ಮೂಕವಾಗುತ್ತದೆ. ಕಡೆದ ಕಂಬಗಳ ಹೊಳಪೂ ಒಳಗಿನ ನಾಲ್ವರು ಮದನಿಕೆಯರೂ ಇರುವುದು ಜಾಲಂಧ್ರಗಳಿಂದ ಸೋಸಿಬಂದ ಬೆಳಕಿನಲ್ಲಿ. ಮೂರುಕಾಲಿನ ಸ್ಟ್ಯಾಂಡಿಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲಿ ಹಿಡಿದೇ ತೆಗೆಯಬೇಕಾದವರನ್ನು ಅಲ್ಲಿ ಕಾಪಾಡುವುದು ದೊಡ್ಡದಾಗಿ ತೆರೆಯುವ ಅಪರ್ಚರೊಂದೇ.

ಕೀಟ, ಹೂಗಳ ಸಮೀಪಚಿತ್ರಕ್ಕೆ ಪ್ರತ್ಯೇಕ ಮ್ಯಾಕ್ರೋ ಲೆನ್ಸು ಆರಂಭದಲ್ಲಿ ಅನಾವಶ್ಯಕ. 50ರ ಹಿಂದೆ ಟೊಳ್ಳು ಬಳೆಗಳಾದ ಎಕ್ಸ್‌ಟೆನ್ಷನ್ ಟ್ಯೂಬುಗಳನ್ನು ಸೇರಿಸಿದರೆ ಸಾಕು. ಅತಿವಿಶಾಲ ನೋಟದ ಲೆನ್ಸಿನ ವಿಚಾರವನ್ನು ಮೂರನೆಯ ಖರೀದಿಗೆ ಬಿಡಬಹುದು.

ಹಳೆಯ ಲೆನ್ಸನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು ಅಲ್ಪಧನರಿಗೆ ಉತ್ತಮ ಮಾರ್ಗವೆಂದೇ ನನ್ನ ನಂಬಿಕೆ. ಕ್ಯಾಮೆರಾ ಬೇಗ ಮುದಿಯಾಗುತ್ತದೆ, ಗಾಜು ಹಾಗಾಗದು. ಆದರೆ ಮಲೆನಾಡು, ಕರಾವಳಿಗಳ ತೇವದಲ್ಲಿ ಮಳೆಗಾಲಗಳನ್ನು ಕಳೆದ ಲೆನ್ಸಿನೊಳಗೆ ಬೂಷ್ಟು ಜೇಡರಬಲೆಯಂತೆ ಹರಡಿರುವುದುಂಟು. ಹಿಂದುಗಡೆಯಿಂದ ಟಾರ್ಚಿನ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡದೆ ಹಣ ಕೊಡಬಾರದು. ಕೊಂಡ ಮೇಲೂ ಅದನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ನಿಕಾನ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ದೇಹದಲ್ಲಿ ಫೋಕಸಿನ ಮೋಟಾರಿಲ್ಲ. ಅಗ್ಗವಾಗಿ ದೊರೆಯುವ 50 ಮಿ.ಮೀ. ಎಫ್ 1.8 ಡಿ ಲೆನ್ಸಿನಲ್ಲಿಯೂ ಇಲ್ಲ; ಎರಡನ್ನೂ ಕೂಡಿಸಿದವರು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದಮೇಲೆ ಈ ಎಚ್ಚರಿಕೆ ಇನ್ನೂ ಮುಖ್ಯವಾಗಿದೆ. ಅವುಗಳಿಗೆ ಬದಲಾಯಿಸಿಕೊಂಡವರು ತಮ್ಮ ಹಳೆಯ ಲೆನ್ಸುಗಳನ್ನು ಮಾರುತ್ತಿರುವುದರಿಂದ ಆಯ್ಕೆ ಹಿಂದೆಂದಿಗಿಂತ ವಿಪುಲವಾಗಿದೆ. ಕ್ಯಾನನ್ನಿನ ಹಳೆಯ 50, ಅಡಾಪ್ಟರಿನ ಮೂಲಕ, ಹೊಸ ಕ್ಯಾಮೆರಾಗಳ ಮೇಲೂ ಆಟೋಫೋಕಸ್ ಸಹಿತವಾಗಿಯೇ ನಡೆಯುತ್ತದೆ. ನಿಕಾನ್‌ನ ಎಫ್‌ಟಿಜಡ್ ಅಡಾಪ್ಟರಿನಲ್ಲಿ ಮಾತ್ರ ಮೋಟಾರಿಲ್ಲದಿರುವುದರಿಂದ ಆ ಡಿ ಲೆನ್ಸು ಅಲ್ಲಿಯೂ ಕೈಯ ಫೋಕಸಿಗೇ ಉಳಿಯುತ್ತದೆ. ತನ್ನೊಳಗೇ ಮೋಟಾರನ್ನು ಹೊತ್ತ 35 ಮಿ.ಮೀ. ಡಿಎಕ್ಸ್ ಲೆನ್ಸು, ಇಂದು ಡಿ3500ರ ಮೇಲೆ ಕೆಲಸಮಾಡುವಂತೆಯೇ, ನಾಳೆ ಅದೇ ಮನೆಗೆ ಬರಬಹುದಾದ ಕನ್ನಡಿಯಿಲ್ಲದ ಜಡ್30ರ ಮೇಲೂ, ಆ ಅಡಾಪ್ಟರಿನ ಮೂಲಕ, ಆಟೋಫೋಕಸ್ ಸಹಿತ ಕೆಲಸಮಾಡುತ್ತದೆ.